ಏಜೆಂಟರ ಜಗಲಿಯಲ್ಲಿ ಮಾಡಿದ ಹೊಗಳಿಕೆ

ಅಮ್ಮನಿಗೆ ಪಾರ್ಶ್ವವಾಯು ಬಡಿದು ಮಾತೂ ಬಲಗೈಯೂ ಹೋದಾಗ ನಾವು ಮೂಡುಬಿದಿರೆಯಲ್ಲಿದ್ದೆವು. ನಾನೂ ಹೆಂಡತಿಯೂ ಶಾಲೆಯಲ್ಲಿ ಪಾಠ ಮಾಡುವವರು. ಹಗಲಿಡೀ ಮನೆ ಖಾಲಿ. ಅರುವತ್ತರ ದಶಕದ ಆ ದಿನಗಳಲ್ಲಿ ಮನೆಗೆ ಬಂದು ರೋಗಿಯನ್ನು ನೋಡಿಕೊಳ್ಳುವವರು ಸಿಗುವುದೇ ಅಪರೂಪ. ಬಂಟ್ವಾಳ ಪೇಟೆಯಲ್ಲಿ ಒಬ್ಬರಿದ್ದರು. ಬೊಂಬಾಯಿಯ ಯಾವುದೋ ಆಸ್ಪತ್ರೆಯಲ್ಲಿ ವಾರ್ಡ್‌ಬಾಯ್ ಆಗಿದ್ದು ಊರಿಗೆ ಮರಳಿ, ಅತ್ತ ಬೆಳ್ತಂಗಡಿಯಿಂದ ಇತ್ತ ಕನ್ಯಾನದವರೆಗೆ ಮುದುಕರಿದ್ದ ಮನೆಗಳಿಗೆ ಹೆಂಗಸರನ್ನು ಕಳುಹಿಸುತ್ತಿದ್ದರು. ಎಲ್ಲರೂ ಅವರನ್ನು ಏಜೆಂಟರು ಎನ್ನುತ್ತಿದ್ದರು.

ನಾನು ಪರೀಕ್ಷೆ ಮಾಡದೆ ಬೆಂಕಿಪೊಟ್ಟಣವನ್ನೂ ಕೊಳ್ಳದವನು. ಅವರ ಜಗಲಿಯಲ್ಲಿ ಕೂತು ಕೇಳಿಯೇ ಕೇಳಿದೆ: ಹೆಂಗಸು ಗೊರಕೆ ಹೊಡೆಯುತ್ತಾಳೆಯೇ, ಹಲ್ಲಿಗೆ ಹೆದರುತ್ತಾಳೆಯೇ, ಬಸ್ಸಿನಲ್ಲಿ ವಾಂತಿ ಮಾಡುತ್ತಾಳೆಯೇ. ಅವರು ಸಾವಧಾನದಿಂದ ಉತ್ತರಿಸಿದರು. ಅವರ ಶುದ್ಧ ಕನ್ನಡಕ್ಕೇ ನಾನು ಅರ್ಧ ಸೋತುಹೋದೆ. ಒಳಕೋಣೆಯಲ್ಲಿ ಅವರ ತಾಯಿ ಹಾಸಿಗೆ ಹಿಡಿದದ್ದೂ, ಹೆಂಡತಿ ಒಬ್ಬರೇ ಅವರನ್ನು ಎತ್ತಿ ಇಳಿಸಿ ಏದುಸಿರು ಬಿಡುತ್ತಿದ್ದದ್ದೂ ಕಂಡಿತ್ತು. ಕೇಳಬೇಕಾದ ಪ್ರಶ್ನೆ ಅಲ್ಲೇ ಮಲಗಿತ್ತು. ನಾನು ಹಲ್ಲಿಯನ್ನು ವಿಚಾರಿಸುತ್ತಿದ್ದೆ.

ಹೆಂಗಸು ಬಂದಳು. ಅಮ್ಮ ದಿನದಿನಕ್ಕೆ ಸೊರಗಿ ಇಳಿಯುತ್ತ ಹೋದರು. ಕ್ಷಯವೋ, ಬಾವಿಯ ನೀರಿನ ದೋಷವೋ ಎಂದು ನನಗೆ ನಿದ್ದೆಯಿಲ್ಲ. ಒಂದು ದಿನ ಊರಿನ ಹಿರಿಯರೊಬ್ಬರು ತೀರಿಕೊಂಡು ಶಾಲೆ ಬೇಗ ಬಿಟ್ಟಿತು. ಮನೆಗೆ ಬಂದರೆ, ಆಕೆ ಅಮ್ಮನ ಮಂಚದ ಪಕ್ಕ ಕೂತು, ಗಂಜಿಯ ಅನ್ನವನ್ನೆಲ್ಲ ಉಪ್ಪಿನಕಾಯಿ ನಂಚಿಕೊಂಡು ತಾನೇ ಉಣ್ಣುತ್ತಿದ್ದಾಳೆ. ಅಮ್ಮನ ಲೋಟದಲ್ಲಿ ಬರೀ ತಿಳಿ. ಅಮ್ಮನ ಕಣ್ಣು ಅವಳ ಬಾಯಿಯ ಮೇಲೆ. ಅವಳು ಜಗಿದಂತೆಲ್ಲ ಅಮ್ಮನ ಖಾಲಿ ದವಡೆಯೂ ಆಡುತ್ತಿತ್ತು.

ಅವಳನ್ನು ಆಗಲೇ ಹೊರಡಿಸಿ, ಮರುದಿನ ಬಂಟ್ವಾಳಕ್ಕೆ ಹೋಗಿ ಕಂಡದ್ದನ್ನು ಹೇಳಿದೆ. ಏಜೆಂಟರು ನಕ್ಕರು.

“ವೃದ್ಧರೆಂದ ಮೇಲೆ ಇಳಿಯುವುದು ಉಂಟು ಮಾಸ್ಟ್ರೇ. ನಿಮ್ಮದು ಸ್ವಲ್ಪ ಹೆದರುವ ಸ್ವಭಾವ. ಹಲ್ಲಿ ಕೇಳಿದವರಲ್ಲವೇ ನೀವು?”

ಜಗಲಿಯಲ್ಲಿದ್ದವರೂ ನಕ್ಕರು. ಮೂಡುಬಿದಿರೆಯವರೆಗೂ ಆ ನಗು ಬಸ್ಸಿನಲ್ಲಿ ನನ್ನ ಪಕ್ಕದಲ್ಲೇ ಕೂತು ಬಂತು. ಏಜೆಂಟರ ಬಾಯಿಂದಲೇ ನಿಜ ಹೇಳಿಸದೆ ಬಿಡಬಾರದು ಎಂದುಕೊಂಡೆ. ಜಗಳವಾಡಿ ಗೆಲ್ಲುವ ಗಂಟಲು ನನಗಿಲ್ಲ. ಹೊಗಳುವ ಅಭ್ಯಾಸ ಮಾತ್ರ ಶಾಲಾ ಇನ್‌ಸ್ಪೆಕ್ಟರರ ದೆಸೆಯಿಂದ ಚೆನ್ನಾಗಿಯೇ ಆಗಿತ್ತು.

ಆದಿತ್ಯವಾರ ಅವರ ಜಗಲಿ ತುಂಬಿರುತ್ತಿತ್ತು; ಅಂದೇ ಮತ್ತೆ ಹೋದೆ. ಕನ್ಯಾನದವರೊಬ್ಬರು ತಮ್ಮ ತಂದೆಗೆ ಜನ ಕೇಳಲು ಬಂದಿದ್ದರು. ನಾನು ಅಡುಗೆಮನೆಗೂ ಕೇಳುವಂತೆ ಶುರುಮಾಡಿದೆ.

“ನನಗೇ ಬುದ್ಧಿ ಇಲ್ಲ ಮಾರಾಯ್ರೇ. ಅಂಥ ಹೆಂಗಸು ಮತ್ತೆ ಸಿಗುವುದುಂಟಾ? ಅಮ್ಮನನ್ನು ಮಗುವಿನ ಹಾಗೆ ನೋಡಿಕೊಂಡಳು. ನಿಮ್ಮ ತಾಯಿಯವರಿಗೂ ಅವಳನ್ನೇ ಇಡಿ. ಈಗ ಖಾಲಿ ಇದ್ದಾಳಲ್ಲ!”

ಏಜೆಂಟರ ಹೆಂಡತಿ ಕೈ ಒರಸಿಕೊಳ್ಳುತ್ತ ಬಾಗಿಲಿಗೆ ಬಂದರು. “ಕೇಳಿದ್ರಾ? ಊರಿಗೆಲ್ಲ ಜನ ಕಳಿಸ್ತೀರಿ, ನನ್ನ ಸೊಂಟ ಹೋದದ್ದು ನಿಮಗೆ ಕಾಣುವುದಿಲ್ಲ. ನಾಳೆಯೇ ಅವಳಿಗೆ ಬರ್ಲಿಕ್ಕೆ ಹೇಳಿ.”

“ಅದು... ನೋಡುವ.”

“ಎಂತ ನೋಡುವುದು? ಮಾಸ್ಟ್ರು ಸುಳ್ಳು ಹೇಳ್ತಾರಾ?”

ನಾನು ಜನ್ಮದಲ್ಲಿ ಸುಳ್ಳು ಹೇಳದವನ ಮುಖ ಮಾಡಿಕೊಂಡು ಕೂತೆ.

“ಅವಳು ಬೇಡ ಅಂದ್ರೆ ಬೇಡ!” ಏಜೆಂಟರ ಶುದ್ಧ ಕನ್ನಡ ಜಾರಿತು. “ಅವಳ ಕೈಗೆ ನಮ್ಮ ಅಮ್ಮನನ್ನು ಕೊಡ್ಲಿಕ್ಕೆ ನನಗೆ ಮರ್ಲಾ? ಉಪವಾಸ ಹಾಕಿ ಕೊಲ್ತಾಳೆ!”

ಕನ್ಯಾನದವರು ಕೊಡೆ ಎತ್ತಿಕೊಂಡರು.

“ಹಾಗಾದ್ರೆ ನನ್ನ ಅಪ್ಪನಿಗೆ ಯಾರನ್ನು ಕಳಿಸ್ಲಿಕ್ಕಿದ್ರಿ ಸ್ವಾಮೀ?”

ಉತ್ತರಕ್ಕೆ ಕಾಯದೆ ಮೆಟ್ಟಿಲಿಳಿದರು. ಅವರ ಹಿಂದೆ ಉಳಿದವರೂ ಎದ್ದರು. ಅವರಲ್ಲೊಬ್ಬರಿಗೆ ಪುಂಜಾಲಕಟ್ಟೆಯಲ್ಲಿ ಹೋಟೆಲಿತ್ತು; ಬಸ್ಸುಗಳೆಲ್ಲ ಅದರ ಮುಂದೆಯೇ ನಿಲ್ಲುತ್ತಿದ್ದವು. ಸುದ್ದಿ ಹಬ್ಬಿಸಲು ಇನ್ನು ನಾನು ಬಾಯಿ ಬಿಡುವ ಅಗತ್ಯವಿರಲಿಲ್ಲ.

ಮನೆಗೆ ಬಂದು, ಅನ್ನ ಕಿವುಚಿ ಅಮ್ಮನಿಗೆ ಉಣಿಸುತ್ತ ನಡೆದದ್ದನ್ನೆಲ್ಲ ಹೇಳಿದೆ. ಅಮ್ಮ ಎಡಗೈಯಿಂದ ನನ್ನ ಮಣಿಕಟ್ಟು ಹಿಡಿದರು. ಊಟ ಸಾಕಾಯಿತೆಂದು ಬಟ್ಟಲು ಕೆಳಗಿಟ್ಟೆ. ಅದಲ್ಲ. ಅಮ್ಮ ಬಾಗಿಲಿನತ್ತ ಬೆರಳು ತೋರಿಸಿದರು: ಏಜೆಂಟರ ಹೆಂಡತಿ ಬಾಗಿಲಿಗೆ ಬಂದಲ್ಲಿಂದ ಮತ್ತೊಮ್ಮೆ ಹೇಳಬೇಕು. ಎರಡನೆಯ ಸಲ ನಾನು ಏಜೆಂಟರನ್ನು ಇನ್ನಷ್ಟು ಬೆವರಿಸಿದೆ.