ಹೂ ಬಿಡುವ ತನಕ

ಏನನ್ನೇ ಮುಟ್ಟುವ ಮೊದಲು ಆ ಮೆಕ್ಯಾನಿಕ್ ಎರಡು ಸಲ ಕೈ ಒರೆಸಿಕೊಳ್ಳುತ್ತಿದ್ದರು. ಮಗಳ ಮದುವೆಗೆ ನಮ್ಮ ಹಳೆಯ ಅಂಬಾಸಿಡರ್ ಓಡಲೇಬೇಕೆಂದು ನನ್ನ ಹಟ. ಅದರ ಒರಿಜಿನಲ್ ಕಾರ್ಬುರೇಟರ್ ಎಲ್ಲೂ ಸಿಗುತ್ತಿರಲಿಲ್ಲ. ಕೇಳಿದಾಗಲೆಲ್ಲ ಅವರು "ನೋಡುವ" ಎನ್ನುತ್ತಿದ್ದರು.

ಕೊನೆಗೆ ತಿತಿಮತಿಯ ತೋಟವೊಂದರಲ್ಲಿ ಸಿಕ್ಕಿತು. ಅಂಥದೇ ಕಾರಿನ ಎಂಜಿನ್ ಅಲ್ಲಿ ಕಾಫಿಗೆ ನೀರು ಹಾಯಿಸುವ ಪಂಪನ್ನು ಓಡಿಸುತ್ತಿತ್ತು. ಮೆಕ್ಯಾನಿಕ್ ಮೇಲಿನ ದಾಕ್ಷಿಣ್ಯಕ್ಕೆ ತೋಟದವರು "ಬಿಚ್ಕೊಳ್ಳಿ" ಎಂದರು. ಇವರು ಸ್ಪ್ಯಾನರ್ ಎತ್ತಲಿಲ್ಲ.

"ಹೂಮಳೆ ಬಂದಿಲ್ಲ ಸಾರ್. ಈಗ ಪಂಪ್ ನಿಂತ್ರೆ ಕಾಫಿ ಹೂ ಬಿಡೂದಿಲ್ಲ. ಆಮೇಲೆ ನೋಡುವ."

"ಅಷ್ಟರಲ್ಲಿ ಮದುವೆ ಮುಗಿದಿರ್ತದೆ" ಎಂದು ಸಿಡುಕಿದೆ.

ಮದುವೆಯ ದಿನ ಮಗಳು ಬಾಡಿಗೆ ಕಾರು ಹತ್ತಿದಾಗ ಅವರು ಬಂದರು. ಎರಡು ಸಲ ಕೈ ಒರೆಸಿಕೊಂಡು, ಬೆಳ್ಳಗೆ ಅರಳಿದ ಕಾಫಿ ಗೆಲ್ಲೊಂದನ್ನು ಅವಳ ಮಡಿಲಲ್ಲಿಟ್ಟರು.

"ನಿನ್ನ ಕಾರು ನಿಂತದ್ದು ಇದಕ್ಕೇ ಮಗಾ" ಎಂದರು.