ಕಪ್ಪು ಮಸಿಯ ಕರಪತ್ರ

ನಾನು ಹುಟ್ಟು ಅಂಜುಬುರುಕ. ಹಾವು ಚೇಳಿಗೆ ಹೆದರುವವರು ಬೇಕಾದಷ್ಟಿದ್ದಾರೆ. ನಾನು ಖಾಲಿ ಕುರ್ಚಿಗೆ ಹೆದರುತ್ತೇನೆ. ಶಿಕಾರಿಪುರದ ಕನ್ನಡಕದಂಗಡಿಯೊಂದರಲ್ಲಿ ಇಪ್ಪತ್ತು ವರ್ಷ ದುಡಿದು, ಐವತ್ತು ದಾಟಿದ ಮೇಲೆ ಆನವಟ್ಟಿಯ ನಮ್ಮ ಮನೆಯ ಮುಂದಿನ ಕೋಣೆಯಲ್ಲೇ ಸ್ವಂತ ಅಂಗಡಿ ತೆರೆದೆ. ಗಿರಾಕಿಗೆಂದು ಹಾಕಿದ ಮೂರು ಕುರ್ಚಿಗಳು ದಿನವಿಡೀ ನನ್ನನ್ನೇ ನೋಡುತ್ತಿದ್ದವು. ದೀಪಾವಳಿಯೊಳಗೆ ಅವು ತುಂಬದಿದ್ದರೆ ಹಳೇ ಮಾಲೀಕರ ಮುಂದೆ ಮತ್ತೆ ಕೈಕಟ್ಟಿ ನಿಲ್ಲಬೇಕು.

ಸಣ್ಣ ವ್ಯಾಪಾರಿಗಳಿಗೆ ಒಂದು ದಿನದ ತರಬೇತಿಯಿದೆಯೆಂದು ಕೇಳಿ ಅಲ್ಲಿಗೂ ಹೋಗಿ ಕುಳಿತೆ. ಮಾರ್ಕೆಟಿಂಗ್ ಪ್ಲಾನಿಗೆ ಮೊದಲು ಗಿರಾಕಿ ಯಾರೆಂದು ತಿಳಿದುಕೊಳ್ಳಿ, ಆಮೇಲೆ ಅವರಿಗೆ ನಿಮ್ಮ ಮುಖ ಪರಿಚಯಿಸಿ ಎಂದರು. ನಾನು ಗಾಬರಿಯಲ್ಲಿ ಬರೆದುಕೊಂಡದ್ದು ಮುಖವನ್ನು ಮಾತ್ರ.

ಕರಪತ್ರ ಮಾಡಿಸಿದೆ. ಬಣ್ಣ ಹಾಕಿಸಿದರೆ ಜನ ಆಡಿಕೊಂಡಾರೆಂಬ ಭಯಕ್ಕೆ ಕಪ್ಪು ಮಸಿಯೇ ಸಾಕೆಂದೆ. ಮೇಲೆ ನಡುವೆ, ಮೊಟ್ಟೆಯಾಕಾರದ ಚೌಕಟ್ಟಿನಲ್ಲಿ, ವಿಭೂತಿ ಧರಿಸಿದ ನನ್ನ ಭಾವಚಿತ್ರ. ಕೆಳಗೆ ಸಣ್ಣ ಅಕ್ಷರದಲ್ಲಿ ಕನ್ನಡಕದ ವಿಷಯ, ಬಂಧುಮಿತ್ರರು ಆಗಮಿಸಬೇಕೆಂಬ ವಿನಂತಿ, ಸ್ಥಳ. ನಮ್ಮ ಕಡೆ ಮದುವೆ ಪತ್ರಿಕೆಯ ಮೂಲೆಗೆ ಅರಿಶಿನ ಹಚ್ಚುತ್ತಾರೆ. ಸತ್ತವರ ಶಿವಗಣಾರಾಧನೆಯ ಪತ್ರಿಕೆ ಮಾತ್ರ ಹೀಗೆ ಕಪ್ಪು ಮಸಿಯಲ್ಲಿ, ಭಾವಚಿತ್ರದ ಸಮೇತ ಬರುತ್ತದೆ. ಅಂಥವನ್ನು ಎಷ್ಟೋ ಸಲ ಓದಿ, ಮನೆಯೊಳಗೆ ಇಡಬಾರದೆಂದು ಹೊರಗೇ ಬಿಸಾಡಿದ ನನಗೆ ಇದು ಹೊಳೆಯಲೇ ಇಲ್ಲ.

ಪೇಪರಿನೊಳಗೆ ಕರಪತ್ರ ಹಂಚಿದ ದಿನ ನಾನು ಮಸೂರ ತರಲು ಶಿಕಾರಿಪುರಕ್ಕೆ ಹೋಗಿದ್ದೆ, ಫೋನು ಮನೆಯಲ್ಲೇ ಮರೆತು. ಮಧ್ಯಾಹ್ನ ಬಸ್ಸಿಳಿದು ಓಣಿಗೆ ತಿರುಗಿದರೆ ನಮ್ಮ ಮನೆ ಮುಂದೆ ಚಪ್ಪಲಿಗಳ ರಾಶಿ. ಜನ ಹೆಗಲ ಮೇಲೆ ಟವೆಲ್ ಹಾಕಿಕೊಂಡು, ದನಿ ತಗ್ಗಿಸಿ ನಿಂತಿದ್ದಾರೆ. ಒಬ್ಬರ ಕೈಯಲ್ಲಿ ಹೂಮಾಲೆ. ಮನೆಯಲ್ಲಿದ್ದವಳು ನನ್ನ ಹೆಂಡತಿ ಗಿರಿಜೆ ಒಬ್ಬಳೇ. ಬೆಳಗ್ಗೆ ಎದೆ ಹಿಡಿದಂತಾಗುತ್ತದೆ ಎಂದಿದ್ದಳು. ಗ್ಯಾಸ್ ಇರಬೇಕೆಂದು ಹೇಳಿ ನಾನು ಬಸ್ ಹತ್ತಿದ್ದೆ. ದೀಪಾವಳಿ, ಹಳೇ ಮಾಲೀಕರು, ಖಾಲಿ ಕುರ್ಚಿ, ಯಾವುದೂ ನೆನಪಿರಲಿಲ್ಲ. ಇವಳಿಲ್ಲದ ಮನೆಯೊಳಗೆ ಹೆಜ್ಜೆಯಿಡುವುದು ಹೇಗೆ ಎಂಬುದೊಂದೇ ಭಯ.

“ಅಯ್ಯೋ ಶಿವನೇ, ಇವ್ರು ನಡ್ಕೊಂಡ್ ಬರ್ತಾ ಅದಾರಲ್ರೋ!” ಎಂದು ಮಾಲೆ ಹಿಡಿದವರು ಕೂಗಿದರು. ಅವರು ಕುಬಟೂರಿನ ಚೆನ್ನಬಸಪ್ಪ, ನಮ್ಮ ಅಪ್ಪನ ಗೆಳೆಯರು.

ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಗಿರಿಜೆ ಬಾಗಿಲಿಗೆ ಬಂದಳು. “ಬೆಳಗ್ಗಿಂದ ಹೇಳೀ ಹೇಳೀ ಸಾಕಾತು, ಅವ್ರು ಬದುಕಿದಾರೆ ಅಂತ. ಯಾರೂ ನಂಬಲ್ರೀ. ಪಾಪ, ದುಃಖಕ್ಕೆ ಹಿಂಗಾಡ್ತಾಳೆ ಅಂತಾರೆ!”

ನಾನು ಅವರನ್ನು ಅಂಗಡಿಯೊಳಗೆ ಕರೆದು ಕುರ್ಚಿ ತೋರಿಸಿದೆ. ಚೆನ್ನಬಸಪ್ಪ ಕುಳಿತು ಜೇಬಿನಿಂದ ಕರಪತ್ರ ತೆಗೆದರು. “ಫೋಟೋ ನೋಡಿ ಎದೆ ಧಸಕ್ ಅಂತು. ಕೆಳಗಿನ ಅಕ್ಷರ ನಂಗೆಲ್ಲಿ ಕಾಣ್ತಾವ್ರೀ?” ಅಲ್ಲಿದ್ದ ಯಾರಿಗೂ ಕಂಡಿರಲಿಲ್ಲ. ಓದಲಾದವರು ನಕ್ಕು ಮನೆಯಲ್ಲೇ ಉಳಿದಿದ್ದರು. ಕನ್ನಡಕ ಬೇಕಾದವರು ಮಾತ್ರ, ಆರಿಸಿ ಕಳಿಸಿದಂತೆ, ನನ್ನ ಬಾಗಿಲಿಗೆ ಬಂದಿದ್ದರು. ಇಷ್ಟು ಕರಾರುವಾಕ್ಕಾದ ಪ್ಲಾನು ತರಬೇತಿ ಕೊಟ್ಟವರಿಗೂ ಹೊಳೆದಿರಲಾರದು.

ಅಭ್ಯಾಸಬಲದಿಂದ ಕಣ್ಣು ಪರೀಕ್ಷೆಯ ಚೌಕಟ್ಟನ್ನು ಅವರ ಮೂಗಿಗೇರಿಸಿ ಮಸೂರ ಬದಲಿಸತೊಡಗಿದೆ. ಮೂರನೆಯ ಮಸೂರಕ್ಕೆ ಅವರು ಕರಪತ್ರ ಬಿಟ್ಟು ನನ್ನ ಮುಖವನ್ನೇ ಹತ್ತಿರದಿಂದ ದಿಟ್ಟಿಸಿದರು. ಆಮೇಲೆ ಒಳಗೆ ತಿರುಗಿ ಮೆತ್ತಗೆ ಕರೆದರು: “ಗಿರಿಜವ್ವಾ, ಸ್ವಲ್ಪ ಬಾರವ್ವ. ನಿನ್ ಗಂಡ ಅಳ್ತಾ ಅದಾನೆ.”

ನಾನು ಆ ಮಸೂರದ ನಂಬರನ್ನು ಬರೆದುಕೊಂಡೆ.