ಅರ್ಧ ಇಂಚು

ಧಪ್, ಧಪ್, ಧಪ್. ಗೋಡೆಯಾಚೆ ಚೆಂಡು ಪುಟಿಯುವ ಸದ್ದಿಗೆ ಟೈಲರಕ್ಕನ ಹೊಲಿಗೆ ಯಂತ್ರ ದಿನವೂ ತಾಳ ಹಾಕುತ್ತಿತ್ತು. ಇವತ್ತು ಅದೇ ಸದ್ದು ಕಿವಿಗೆ ಬಿದ್ದೊಡನೆ ಅವಳು ಯಂತ್ರ ನಿಲ್ಲಿಸಿದಳು.

ಹಗಲೆಲ್ಲ ಪಕ್ಕದ ಶಾಲೆಯ ಸಮವಸ್ತ್ರ ಹೊಲಿಯುವ ಅವಳು, ಸಂಜೆ ಅಲ್ಲಿನ ಹುಡುಗಿಯರಿಗೆ ಬ್ಯಾಸ್ಕೆಟ್‌ಬಾಲ್ ಹೇಳಿಕೊಡಲು ಹತ್ತಿ ಒಂಬತ್ತು ವರ್ಷವಾಗಿತ್ತು. ಮೊಣಕಾಲು ಕೈಕೊಡುವ ತನಕ ತಾನೂ ಆಡಿದವಳು. ಈ ವರ್ಷ ತಂಡಕ್ಕೆ ಸಿಕ್ಕವರು ಐದೇ ಜನ. ಕಂಬ ಎಂದು ಕರೆಸಿಕೊಳ್ಳುವವಳೊಬ್ಬಳನ್ನು ಬಿಟ್ಟರೆ ಉಳಿದವರೆಲ್ಲ ಗಿಡ್ಡಿಯರು. ಎದುರಾಳಿಗಳ ಬೆನ್ನು ಹತ್ತಿ ಓಡಲು ದಮ್ಮು ಸಾಲದು. ಅದಕ್ಕೇ ಝೋನ್ ಕಲಿಸಿದಳು: ಆಳನ್ನಲ್ಲ, ಜಾಗ ಕಾಯಿರಿ, ಮುಂದೆ ಇಬ್ಬರು, ಬುಟ್ಟಿಯ ಬಳಿ ಮೂವರು. ತಲೆಗೆ ಹೋಗಲೆಂದು ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಿಂದ ಅಂಗಳದ ಮೇಲೆ ಐದು ಚೌಕ ಎಳೆದಳು. ಎಡವಟ್ಟಾದದ್ದೇ ಅಲ್ಲಿ.

ಇವತ್ತು ಬೆಳಿಗ್ಗೆ ಬೇರೆ ಶಾಲೆಯಲ್ಲಿ ಸೆಮಿಫೈನಲ್. ಅಲ್ಲಿ ಗೆರೆಗಳಿರಲಿಲ್ಲ, ಹುಡುಗಿಯರ ತಲೆಯೊಳಗಿದ್ದವು. ಕೊನೆಯ ಗಳಿಗೆಯಲ್ಲಿ ಎದುರಾಳಿ ಹುಡುಗಿ ಎರಡು ಚೌಕಗಳ ನಡುವೆ ನುಗ್ಗಿದಳು. ಇಬ್ಬರೂ ಕದಲಲಿಲ್ಲ. ಎಲ್ಲರಿಗಿಂತ ಚಿಕ್ಕವಳಾದ ಚಿಟ್ಟು ತನ್ನ ಮೂಲೆ ಬಿಟ್ಟು ಓಡಿ ಅಡ್ಡ ನಿಂತಳು. ಮೂಗಿಗೆ ಮೊಣಕೈ ಬಡಿಯಿತು, ದೊಪ್ಪನೆ ಬಿದ್ದಳು. ಚೆಂಡು ಗುರಿ ತಪ್ಪಿತು, ಸೀಟಿ ಮೊಳಗಿತು. ಒಂದೇ ಅಂಕದ ಗೆಲುವು.

ನಾಲ್ವರೂ ತಬ್ಬಿಕೊಂಡು ಕುಣಿದರು. ಕುಣಿತದಲ್ಲಿ ಒಂದು ಬೂಟು ಚಿಟ್ಟುವಿನ ಅಂಗೈಯನ್ನೇ ತುಳಿಯಿತು. ಅವಳನ್ನು ಎತ್ತಿದ್ದು ಟೈಲರಕ್ಕ.

"ಪಕ್ಕದಲ್ಲೇ ಇದ್ದೆಯಲ್ಲೇ, ಎತ್ತಬಾರದಿತ್ತಾ?"

"ಅವಳು ಬಿದ್ದಿದ್ದು ನನ್ನ ಜಾಗದಲ್ಲಿ ಅಲ್ವಲ್ಲ ಅಕ್ಕಾ," ಅಂದಳು ಕಂಬ. ತಮಾಷೆಗಲ್ಲ, ನಿಜವಾಗಿಯೇ.

ಅಷ್ಟರಲ್ಲಿ ಗೆದ್ದೆತ್ತಿನ ಬಾಲ ಹಿಡಿಯಲು ತಮ್ಮ ಶಾಲೆಯ ಹೆಡ್‌ಮಾಸ್ಟರು ಬಂದರು. "ಒಬ್ಬರಾದ್ರೂ ಜಾಗ ಬಿಟ್ಟು ಅಲ್ಲಾಡಿದ್ರಾ ನೋಡಿ! ಶಿಸ್ತು ಅಂದ್ರೆ ಇದಮ್ಮಾ!" ಅವರು ಕುಲುಕಿದ ಕೈಯನ್ನು ಅವಳು ಎರಡು ಸಲ ತೊಳೆದಳು. ಜಿಗುಟು ಹೋದಂತೆನಿಸಲಿಲ್ಲ. ಹೇಸಿಗೆ ಅವರ ಮೇಲೋ, ಗೆರೆ ಎಳೆದ ತನ್ನ ಕೈಯ ಮೇಲೋ, ಅವಳಿಗೇ ತಿಳಿಯಲಿಲ್ಲ.

ಈಗ ಸಂಜೆ. ಮೂಗಿಗೆ ಹತ್ತಿ ತುರುಕಿಕೊಂಡ ಚಿಟ್ಟು ಶಾಲೆಯ ಮೆಟ್ಟಿಲ ಮೇಲೆ ಕೂತಿದ್ದಳು. "ನಾಳೆ ನಾನು ಬರಲ್ಲಕ್ಕಾ," ಎಂದು ಆಗಲೇ ಹೇಳಿಯಾಗಿತ್ತು. ಅವಳಿಲ್ಲದಿದ್ದರೆ ಫೈನಲ್‌ಗೆ ನಾಲ್ಕೇ ಜನ. ಆ ನಾಲ್ವರು ಚೆಂಡು ಪುಟಿಸುತ್ತ ನಗುತ್ತಿದ್ದರು. ಟೈಲರಕ್ಕ ಬಕೆಟ್ಟು, ಹಳೇ ಬಟ್ಟೆ ತಂದು, ನೋಯುವ ಮೊಣಕಾಲೂರಿ ಗೆರೆಗಳನ್ನು ತಿಕ್ಕತೊಡಗಿದಳು. ನೀರು ಬೆಳ್ಳಗೆ ರಾಡಿಯಾಯಿತು.

"ಅಯ್ಯೋ, ಅಳಿಸಿದ್ರೆ ನಾವೆಲ್ಲಿ ನಿಲ್ಲೋದು?"

"ಅಂಗಿ ಹೊಲಿಯುವಾಗ ಗೆರೆಗೆ ಸರಿಯಾಗಿ ಕತ್ತರಿಸಿದ್ರೆ ಏನಾಗುತ್ತೆ ಗೊತ್ತಾ? ಎರಡು ತುಂಡೂ ಕೂಡಲ್ಲ. ಹೊಲಿಗೆಗೆ ಅಂತ ಅರ್ಧ ಇಂಚು ಆಚೆ ಬಿಡಬೇಕು. ಆ ಅರ್ಧ ಇಂಚು ನಿಮ್ಮಲ್ಲಿ ಇದ್ದದ್ದು ಅವಳೊಬ್ಬಳಿಗೇ."

ಕಂಬ ಚೆಂಡನ್ನು ಕಂಕುಳಿಗೆ ಸೇರಿಸಿದಳು. "ಹಾಗಾದ್ರೆ ನಾಳೆ ಫೈನಲ್ಲು, ಅಕ್ಕಾ?"

"ನನ್ನ ಯಾಕೆ ಕೇಳ್ತೀಯಾ? ಅಲ್ಲಿ ಕೂತಿದ್ದಾಳಲ್ಲ, ಅವಳನ್ನ ಕೇಳು. ಅವಳು ಬರ್ತೀನಿ ಅಂದ್ರೆ ನಾನೂ ಬರ್ತೀನಿ. ಇಲ್ಲಾಂದ್ರೆ ನಿಮ್ಮ ನಿಮ್ಮ ಜಾಗದಲ್ಲಿ ನೀವು..." ಅನ್ನುತ್ತಲೇ ಟೈಲರಕ್ಕ ಬಕೆಟ್ಟೆತ್ತಿಕೊಂಡು, ರಾಡಿ ನೀರು ಚೆಲ್ಲಲು ಚರಂಡಿಯ ಕಡೆ ನಡೆದಳು.